ಫ್ಲಾರಿಡಾದ ಜಗಳ, ಶಿಷ್ಯನ ಉಯಿಲು

ಕಳೆದ ಡಿಸೆಂಬರಿನಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಅವನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನೆಲೆಸಿ ಇಪ್ಪತ್ತು ವರ್ಷಗಳಾಗಿವೆ. ದಂಪತಿಗಳಿಬ್ಬರೂ ಅಲ್ಲಿನ ಪೌರರು. ಮಾತಿನ ನಡುವೆ, "ಉಯಿಲು ಬರೆದಿದ್ದೀಯೇನಪ್ಪಾ?" ಎಂದೆ. "ಯಾಕೆ ಸಾರ್? ಎಲ್ಲಾ ಅವಳಿಗೇ ತಾನೇ ಹೋಗೋದು. ತೆರಿಗೆ ಏನಿದ್ದರೂ ಕುಬೇರರಿಗೆ" ಎಂದು ನಕ್ಕ.

ನಮ್ಮವರಿಗೆ ಇಂಥ ತೆರಿಗೆಯ ನೆನಪು ಮಾಸಿಹೋಗಿರುವುದು ಸಹಜ. ಭಾರತದಲ್ಲಿ 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿ 1985ರಲ್ಲಿ ರದ್ದಾಯಿತು. ಅಮೆರಿಕದಲ್ಲಾದರೋ ಮೃತರ ಆಸ್ತಿಯ ಮೇಲೆ ಕೇಂದ್ರದ ತೆರಿಗೆಯೊಂದು, ಕೆಲವು ರಾಜ್ಯಗಳಲ್ಲಿ ರಾಜ್ಯದ್ದೇ ಮತ್ತೊಂದು. ಇದರ ಹಿಂದೆ ಒಂದು ಸ್ವಾರಸ್ಯಕರ ಜಗಳವಿದೆ.

ಕೇಂದ್ರದ ಈಗಿನ ತೆರಿಗೆ ಆರಂಭವಾದದ್ದು 1916ರಲ್ಲಿ. 1924ರಲ್ಲಿ ಫ್ಲಾರಿಡಾ ತನ್ನ ಸಂವಿಧಾನವನ್ನೇ ತಿದ್ದಿ ಇಂಥ ತೆರಿಗೆಯನ್ನು ನಿಷೇಧಿಸಿತು. ಸಿರಿವಂತರು ತನ್ನಲ್ಲಿಗೆ ಬಂದು ನೆಲೆಸಲೆಂಬುದು ಅದರ ಲೆಕ್ಕಾಚಾರ. 1926ರಲ್ಲಿ ಕಾಂಗ್ರೆಸ್ ಇದಕ್ಕೊಂದು ಉಪಾಯ ಹೂಡಿತು: ರಾಜ್ಯಕ್ಕೆ ಕಟ್ಟಿದ ಹಣವನ್ನು ಕೇಂದ್ರದ ತೆರಿಗೆಯಲ್ಲಿ ಶೇ. 80ರವರೆಗೆ ಮುರಿದುಕೊಳ್ಳಬಹುದು. ಅಂದರೆ ರಾಜ್ಯವು ತೆರಿಗೆ ಹಾಕದಿದ್ದರೆ ಆ ಹಣವೂ ವಾಷಿಂಗ್ಟನ್ನಿಗೇ ಹೋಗುತ್ತಿತ್ತು. ಫ್ಲಾರಿಡಾ ಸುಪ್ರೀಂ ಕೋರ್ಟಿಗೆ ಹೋಗಿ 1927ರಲ್ಲಿ ಸೋತಿತು. 1930ರಲ್ಲಿ ಮತ್ತೆ ಸಂವಿಧಾನ ತಿದ್ದಿ ತಾನೂ ದಾರಿಗೆ ಬಂದಿತು.

ಈ ಏರ್ಪಾಡು ಮುಕ್ಕಾಲು ಶತಮಾನ ನಡೆಯಿತು. 2001ರ ಕಾನೂನು ಆ ರಿಯಾಯಿತಿಯನ್ನು ಹಂತಹಂತವಾಗಿ ಇಳಿಸಿ 2005ರ ವೇಳೆಗೆ ಪೂರ್ತಿ ತೆಗೆದುಹಾಕಿತು. ಅನೇಕ ರಾಜ್ಯಗಳ ತೆರಿಗೆ ತಾನಾಗಿ ನಂದಿಹೋಯಿತು. ಮ್ಯಾಸಚೂಸೆಟ್ಸ್, ಆರೆಗಾನ್ ಮೊದಲಾದವು ಉಳಿಸಿಕೊಂಡವು. ಪರಿಣಾಮವೇನು? 2026ರಲ್ಲಿ ಕೇಂದ್ರದ ವಿನಾಯಿತಿ ಒಬ್ಬರಿಗೆ 1.5 ಕೋಟಿ ಡಾಲರ್. ಮ್ಯಾಸಚೂಸೆಟ್ಸ್‌ನಲ್ಲಿ, 2023ರಲ್ಲಿ ಏರಿಸಿದ ಮೇಲೂ, ಕೇವಲ 20 ಲಕ್ಷ. ಮನೆ, ನಿವೃತ್ತಿ ಉಳಿತಾಯ, ಸ್ವಂತ ಹೆಸರಿನ ಜೀವವಿಮೆಯ ಹಣ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕುಬೇರರಾಗಬೇಕಾದ್ದಿಲ್ಲ!

ಶಿಷ್ಯನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ದಂಪತಿಗಳಲ್ಲಿ ತಲಾ 15 ಲಕ್ಷ ಡಾಲರ್ ಇದೆಯೆನ್ನಿ. ಪತಿ ತೀರಿಕೊಂಡು ಎಲ್ಲವೂ ಪತ್ನಿಗೆ ಬಂದಾಗ ತೆರಿಗೆಯಿಲ್ಲ. ಆದರೆ ಪತಿಯ ಬಳಕೆಯಾಗದ ವಿನಾಯಿತಿ ಕೇಂದ್ರದಲ್ಲಿ ಪತ್ನಿಗೆ ದಾಟಬಲ್ಲದು, ಆ ರಾಜ್ಯದಲ್ಲಿ ದಾಟದು. ಮುಂದೆ ಆಕೆ 30 ಲಕ್ಷ ಬಿಟ್ಟು ಹೋದರೆ ಮಕ್ಕಳು 80 ಸಾವಿರ ಡಾಲರಿಗೂ ಮಿಕ್ಕಿ ತೆರಬೇಕು. ಪತಿಯ ಪಾಲು ಉಯಿಲಿನ ಮೂಲಕ ಸೂಕ್ತವಾದ ಟ್ರಸ್ಟೊಂದಕ್ಕೆ ಹೋಗಿ, ಅದರ ವರಮಾನ ಪತ್ನಿಗೆ, ಅನಂತರ ಮೂಲಧನ ಮಕ್ಕಳಿಗೆ ಎಂದಾದರೆ ಎರಡೂ ಪಾಲು ಮಿತಿಯೊಳಗೇ ಉಳಿಯುತ್ತವೆ. ಪತ್ನಿ ಅಲ್ಲಿನ ಪೌರಳಲ್ಲದಿದ್ದರೆ ತೊಡಕು ಇನ್ನೂ ಹೆಚ್ಚು. 1988ರಿಂದ ಅದಕ್ಕೆ ಬೇರೆಯೇ ಬಗೆಯ ಟ್ರಸ್ಟ್ ಬೇಕು.

ಅವನ ನಗು ನಿಂತಿತು. ನಾನು ವಕೀಲನಲ್ಲ, ಇತಿಹಾಸದ ಮೇಷ್ಟ್ರು. ಅಲ್ಲಿನ ವಕೀಲರನ್ನೇ ಕಾಣು ಎಂದೆ. ಇಷ್ಟು ಒತ್ತಿ ಹೇಳಲು ಕಾರಣವಿದೆ. ಉಯಿಲು ಬರೆಯುವುದು ಅಪಶಕುನವೆಂದು ನಮ್ಮ ತಂದೆಯವರು ಮುಂದೂಡುತ್ತಲೇ ಹೋದರು. ಇದ್ದದ್ದು ಮೂರೆಕರೆ ಹೊಲ, ಒಂದು ಹೆಂಚಿನ ಮನೆ. ಅದಕ್ಕಾಗಿ ನಾನು ಮತ್ತು ನನ್ನಣ್ಣ ನಾಲ್ಕು ವರ್ಷ ಮಾತು ಬಿಟ್ಟಿದ್ದೆವು. ಆ ನಾಲ್ಕು ವರ್ಷಗಳನ್ನು ಯಾವ ಕೋರ್ಟೂ ನಮಗೆ ಹಿಂದಿರುಗಿಸಲಿಲ್ಲ.