ವೃದ್ಧಾಪ್ಯದ ಮೂತ್ರಪಿಂಡ ರೋಗ: ನರ ಮತ್ತು ರಕ್ತನಾಳಗಳ ಪಾತ್ರ

ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಮೂತ್ರಪಿಂಡಗಳಿಗೆ ಹೋಗುತ್ತದೆ. ಹಾಗಾಗಿ ರಕ್ತನಾಳ ಕೆಟ್ಟರೆ ಈ ಅಂಗಕ್ಕೆ ಪೆಟ್ಟು ಬೇಗ. ನಲವತ್ತು ದಾಟಿದ ಅನೇಕರಲ್ಲಿ ರಕ್ತ ಸೋಸುವ ಸಾಮರ್ಥ್ಯ ಕ್ರಮೇಣ ಇಳಿಯುತ್ತದೆ. ಅಷ್ಟಕ್ಕೇ ಅದು ರೋಗವಲ್ಲ. ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕೆಳಗೆ 3 ತಿಂಗಳಿಗೂ ಮೀರಿ ನಿಂತರೆ ದೀರ್ಘಕಾಲಿಕ ರೋಗವೆಂದು ಗಣನೆ.

ಮುಪ್ಪಿನಲ್ಲಿ ಮಹಾಧಮನಿ ಗಡುಸಾಗಿ, ಹೃದಯದ ಪ್ರತಿ ಬಡಿತದ ಒತ್ತಡ ತಗ್ಗದೆಯೇ ಗ್ಲೊಮೆರುಲಸ್ ಎಂಬ ಲೋಮನಾಳಗಳ ಗೊಂಚಲಿಗೆ ಬಡಿಯುತ್ತದೆ. ಸಿಂಪಥೆಟಿಕ್ ನರಗಳು ಅತಿಯಾಗಿ ಚುರುಕಾದರೆ ರೆನಿನ್ ಎಂಬ ಕಿಣ್ವ ಸ್ರವಿಸಿ, ದೇಹದಲ್ಲಿ ಉಪ್ಪು ಉಳಿದು, ರಕ್ತದೊತ್ತಡ ಏರುತ್ತದೆ. ಹಾನಿಗೊಂಡ ಮೂತ್ರಪಿಂಡ ಮಿದುಳಿಗೆ ಕಳಿಸುವ ಸಂಕೇತಗಳು ಅದೇ ನರಗಳನ್ನು ಮತ್ತೆ ಕೆರಳಿಸುತ್ತವೆ. ಇನ್ನೊಂದೆಡೆ, ಕತ್ತಿನ ಧಮನಿಯ ಒತ್ತಡಗ್ರಾಹಿಗಳು ಮಂದವಾಗಿ, ಎದ್ದು ನಿಂತಾಗ ಒತ್ತಡ ಕುಸಿಯುವುದೂ ಉಂಟು. ಸಕ್ಕರೆ ಕಾಯಿಲೆಯಿಂದ ನರ ಸೊರಗಿದವರಲ್ಲಿ ಇದು ಹೆಚ್ಚು.

ಇದರ ಜೊತೆಗೆ ಬಿಸಿಲು, ನೋವಿನ ಮಾತ್ರೆಗಳ ಪೆಟ್ಟೂ ಇದೆ. ಹುನಗುಂದ ಸೀಮೆಯಲ್ಲಿ ಬೇಸಿಗೆ ಕಡುಬಿಸಿ. ಅಂಥ ಬಿಸಿಲಲ್ಲಿ ಹೊಲದಲ್ಲಿ ಬೆವರಿ, ನೀರು ಸಾಲದೆ, ಮೊಣಕಾಲು ನೋವಿಗೆ ಡೈಕ್ಲೊಫೆನಾಕ್ ನುಂಗಿದರೆ ಮೂತ್ರಪಿಂಡದ ಒಳಬರುವ ಕಿರುಧಮನಿ ಹಿಗ್ಗಲಾರದು. ವೃದ್ಧರಲ್ಲಿ ಸೋಸುವಿಕೆ ದಿಢೀರನೆ ಕುಸಿಯಬಹುದು. ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಈ ಮಾತ್ರೆಯ ಅಪಾಯಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಮೂತ್ರಪಿಂಡದ ಧಮನಿಯ ಸುತ್ತಲಿನ ನರಗಳನ್ನು ಕ್ಯಾತಿಟರಿನ ಮೂಲಕ ನಿಷ್ಕ್ರಿಯಗೊಳಿಸುವ ಸಾಧನಗಳಿಗೆ ಅಮೆರಿಕ 2023ರಲ್ಲಿ ಅನುಮತಿ ನೀಡಿತು. ಅದು ಅಧಿಕ ರಕ್ತದೊತ್ತಡಕ್ಕೆ, ಮೂತ್ರಪಿಂಡ ರೋಗಕ್ಕಲ್ಲ. ಹಳ್ಳಿಯ ಹಿರಿಯರಿಗೆ ಸದ್ಯ ಹೆಚ್ಚು ಪ್ರಯೋಜನಕಾರಿಯಾದದ್ದು ಕೂತಾಗಲೂ ನಿಂತಾಗಲೂ ಬಿಪಿ ನೋಡುವುದು, ಜೊತೆಗೆ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆ.