ಫಿಲ್ಮು ಬದಲಿಸುವುದೋ, ಕ್ಯಾಮೆರಾ ಬದಲಿಸುವುದೋ?

ಚಾರ್ಮಾಡಿ ಘಾಟಿ ಹತ್ತಿ ಬಂದವರಿಗೆ ಎದುರಾಗುವ ಪುಟ್ಟ ಊರು ಕೊಟ್ಟಿಗೆಹಾರ. ಇಲ್ಲಿಂದ ಒಂದು ದಾರಿ ಮೂಡಿಗೆರೆಗೆ ಹೋದರೆ ಇನ್ನೊಂದು ಕಳಸದ ಕಡೆಗೆ ಹೊರಳುತ್ತದೆ. ಸುತ್ತಲೂ ಕಾಫಿ ತೋಟ, ಅದರ ಮೇಲೆ ಮರಗಳ ನೆರಳು, ಮಳೆಗಾಲದಲ್ಲಿ ಅದರ ಮೇಲೆ ಮಂಜು. ಹಕ್ಕಿಗಳಿಗೆ ಇದು ತವರು. ಹಕ್ಕಿಗಳ ಚಿತ್ರ ತೆಗೆಯುವವರಿಗೆ ಮಾತ್ರ ಇದೊಂದು ಪರೀಕ್ಷೆ. ಏಕೆಂದರೆ ಇಲ್ಲಿ ಹಕ್ಕಿಗಳಿಗೆ ಕೊರತೆಯಿಲ್ಲ, ಬೆಳಕಿಗೆ ಕೊರತೆ.

ನೀವು ಅಧ್ಯಾಪಕರೋ ವಿಜ್ಞಾನದ ವಿದ್ಯಾರ್ಥಿಯೋ ಆಗಿದ್ದು, ನಿಮ್ಮ ಬಳಿ ಹಳೆಯದೊಂದು ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಇದೆ ಎಂದುಕೊಳ್ಳಿ. ಪೊದೆಯೊಳಗಿನ ಕಾಜಾಣದ ಚಿತ್ರ ಮಸುಕಾಗಿ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಹೊಸ ಕ್ಯಾಮೆರಾ ಕೊಳ್ಳಬೇಕೆ? ಇದಕ್ಕೆ ಹಣ ಎಷ್ಟಿದೆ ಎಂಬುದಷ್ಟೇ ಉತ್ತರವಲ್ಲ. ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ಅದನ್ನು ತಿಳಿದರೆ ಉತ್ತರ ಹುಡುಕುವುದು ಸುಲಭ.

ಫಿಲ್ಮಿನ ಕಾಲ

ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ, ಬರೆಯುತ್ತ, ಹಕ್ಕಿಗಳ ಚಿತ್ರ ತೆಗೆಯುತ್ತ ಬದುಕಿದವರು. ಕನ್ನಡದ ಓದುಗರಿಗೆ ಹಕ್ಕಿಗಳನ್ನು ಪರಿಚಯಿಸುವ ಪುಸ್ತಕಗಳನ್ನೂ ಬರೆದರು. ಅವರ ಹೆಸರಿನ ಪ್ರತಿಷ್ಠಾನ ಇಂದು ಕೊಟ್ಟಿಗೆಹಾರದಲ್ಲಿದೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017), ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರೂ ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದವರು. ಇವರೆಲ್ಲರೂ ಪಳಗಿದ್ದು ಫಿಲ್ಮಿನಲ್ಲಿ.

ಒಂದು ಸುರುಳಿಯಲ್ಲಿ 36 ಚಿತ್ರ. ಚಿತ್ರ ಹೇಗೆ ಬಂತೆಂದು ತಿಳಿಯಲು ಸಂಸ್ಕರಣೆ ಮುಗಿಯುವವರೆಗೆ ಕಾಯಬೇಕು. ಬಣ್ಣದ ಸ್ಲೈಡಿಗೆ ಹೆಸರಾದ ಕೊಡಾಕ್ರೋಮ್ 1935ರಲ್ಲಿ ಮಾರುಕಟ್ಟೆಗೆ ಬಂದಿತ್ತು. ಮುಂದೆ ಬಹಳ ಜನ ಬಳಸಿದ ಅದರ ಒಂದು ಬಗೆಯ ಸಂವೇದನೆ ಐಎಸ್‌ಒ 64 ಮಾತ್ರ. ಇದರ ಅರ್ಥವೇನೆಂದು ಲೆಕ್ಕ ಹಾಕಿ ನೋಡೋಣ. ಬಿಸಿಲಿನಲ್ಲಿ ಎಫ್/16 ರಂಧ್ರಕ್ಕೆ ಷಟರ್ ವೇಗ ಸುಮಾರು 1/ಐಎಸ್‌ಒ ಸೆಕೆಂಡು ಎಂಬುದು ಹಳೆಯ ಸೂತ್ರ. ಎಫ್/5.6 ಇಟ್ಟರೆ ಎಂಟು ಪಟ್ಟು ಬೆಳಕು ಒಳಬರುವುದರಿಂದ ಐಎಸ್‌ಒ 64ರಲ್ಲಿ ವೇಗ ಸುಮಾರು 1/500 ಸೆಕೆಂಡು. ಆದರೆ ಮೋಡ ಕವಿದ ದಿನ, ತೋಟದ ನೆರಳಿನಲ್ಲಿ, ಬೆಳಕು ಬಿಸಿಲಿನ 1/64 ಭಾಗಕ್ಕೆ ಇಳಿದಿದೆ ಎಂದುಕೊಳ್ಳಿ. ಆಗ ಬೇಕಾಗುವ ಕಾಲ 1/8 ಸೆಕೆಂಡು! ಅಷ್ಟು ಹೊತ್ತು ಅಲುಗದೆ ಕೂರುವ ಹಕ್ಕಿ ಅಪರೂಪ. ಆದ್ದರಿಂದಲೇ ಅಂದಿನವರು ಮುಕ್ಕಾಲಿಯನ್ನು ಹೊತ್ತರು, ಫ್ಲಾಷ್ ಬಳಸಿದರು, ಮರೆಯೊಳಗೆ ಗಂಟೆಗಟ್ಟಲೆ ಕಾದರು.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಫಿಲ್ಮಿನ ಕ್ಯಾಮೆರಾ ಎಂದರೆ ಬೆಳಕು ಹೋಗದ ಪೆಟ್ಟಿಗೆ, ಒಂದು ಕನ್ನಡಿ, ಒಂದು ಷಟರ್. ಬೆಳಕನ್ನು ಹಿಡಿಯುವ ವಸ್ತು ಅದರೊಳಗೆ ಹಾಕುವ ಸುರುಳಿ. 1990ರಲ್ಲಿ ಫ್ಯೂಜಿ ಸಂಸ್ಥೆ ವೆಲ್ವಿಯಾ ಎಂಬ ಉತ್ತಮ ಫಿಲ್ಮನ್ನು ತಂದಾಗ ಇಪ್ಪತ್ತು ವರ್ಷದ ಹಳೆಯ ಕ್ಯಾಮೆರಾ ಉಳ್ಳವರೂ ಅದನ್ನು ಅಂದೇ ಬಳಸಬಹುದಿತ್ತು. ಅಂದರೆ ಸುರುಳಿ ಬದಲಿಸಿದರೆ ಬೆಳಕು ಹಿಡಿಯುವ ಭಾಗವೇ ಹೊಸದಾಗುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿರುವ ಸಂವೇದಕವನ್ನು ಕ್ಯಾಮೆರಾದಿಂದ ಬೇರ್ಪಡಿಸಿ ಬದಲಿಸುವಂತಿಲ್ಲ. ಅದು ಹಳತಾದರೆ ಇಡೀ ಕ್ಯಾಮೆರಾ ಹಳತು. ನಿಮ್ಮನ್ನು ಕಾಡುವ ಪ್ರಶ್ನೆ ಇಷ್ಟು ತೀವ್ರವಾದದ್ದು ಹೀಗೆ.

ಸಂವೇದಕದ ಹುಟ್ಟು

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಸಾಧನವನ್ನು ರೂಪಿಸಿದರು. ಸಿಲಿಕಾನ್ ಮೇಲೆ ಬಿದ್ದ ಬೆಳಕಿನ ಕಣಗಳು, ಅಂದರೆ ಫೋಟಾನ್‌ಗಳು, ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತವೆ. ಅವುಗಳನ್ನು ಪುಟ್ಟ ಬಾವಿಗಳಲ್ಲಿ ಕೂಡಿಟ್ಟು, ಸಾಲಾಗಿ ಸಾಗಿಸಿ ಎಣಿಸುವುದು ಇದರ ಕೆಲಸ. ಇದಕ್ಕಾಗಿ ಇವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಸಿಸಿಡಿ ಬಳಸಿ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ತೂಕ ಸುಮಾರು 3.6 ಕಿಲೋಗ್ರಾಂ, ಚಿತ್ರದಲ್ಲಿ ಇದ್ದದ್ದು 10,000 ಪಿಕ್ಸೆಲ್, ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು ಬೇಕಾದದ್ದು 23 ಸೆಕೆಂಡು!

1991ರಲ್ಲಿ ಕೊಡಾಕ್, ನೈಕಾನ್ ಎಫ್3 ಕ್ಯಾಮೆರಾಕ್ಕೆ 1.3 ಮೆಗಾಪಿಕ್ಸೆಲ್ ಸಂವೇದಕ ಜೋಡಿಸಿ ಮಾರಿತು. ಚಿತ್ರಗಳನ್ನು ತುಂಬುವ ಘಟಕವನ್ನು ಹೆಗಲಿಗೆ ಬೇರೆಯಾಗಿಯೇ ತೂಗುಹಾಕಿಕೊಳ್ಳಬೇಕಿತ್ತು. 1999ರಲ್ಲಿ 2.7 ಮೆಗಾಪಿಕ್ಸೆಲ್‌ನ ನೈಕಾನ್ ಡಿ1 ಬಂತು. 2003ರಲ್ಲಿ 6.3 ಮೆಗಾಪಿಕ್ಸೆಲ್‌ನ ಕ್ಯಾನನ್ 300ಡಿ, 2004ರಲ್ಲಿ 6.1 ಮೆಗಾಪಿಕ್ಸೆಲ್‌ನ ನೈಕಾನ್ ಡಿ70 ಬಂದಾಗ ಬೆಲೆ ಸಾವಿರ ಡಾಲರಿನ ಆಸುಪಾಸಿಗೆ ಇಳಿಯಿತು. ಹವ್ಯಾಸಿಗಳು ಫಿಲ್ಮು ಬಿಟ್ಟದ್ದು ಈ ಸಮಯದಲ್ಲಿ. ಐಎಸ್‌ಒ 800 ಇಟ್ಟರೆ ನಮ್ಮ ತೋಟದ ನೆರಳಿನ 1/8 ಸೆಕೆಂಡು 1/100ಕ್ಕೆ ಬಂತು. 2007ರ ನೈಕಾನ್ ಡಿ3ರಲ್ಲಿ ಐಎಸ್‌ಒ 6400 ಕೂಡ ಬಳಸುವಂತಾಗಿ ಅದೇ ನೆರಳಿನಲ್ಲಿ 1/800 ಸೆಕೆಂಡು ಸಾಧ್ಯವಾಯಿತು. ಮಲೆನಾಡಿನ ಹಕ್ಕಿ ಛಾಯಾಗ್ರಾಹಕರ ಮಟ್ಟಿಗೆ ಇದು ನಿಜವಾದ ಕ್ರಾಂತಿ.

ಅಂಕಿಗಳು ಹೇಳುವುದೇನು?

ಎಲ್ಲ ಅಂಕಿಗಳೂ ಇಷ್ಟು ದೊಡ್ಡ ಲಾಭ ತರುವುದಿಲ್ಲ. 6 ಮೆಗಾಪಿಕ್ಸೆಲ್‌ನಿಂದ 12ಕ್ಕೆ ಹೋದರೆ ವಿವರ ಇಮ್ಮಡಿಯಾಗದು. ಪಿಕ್ಸೆಲ್‌ಗಳು ಅಗಲದಲ್ಲೂ ಎತ್ತರದಲ್ಲೂ ಹಂಚಿಹೋಗುವುದರಿಂದ ಪ್ರತಿ ದಿಕ್ಕಿನಲ್ಲಿ ಏರಿಕೆ 2ರ ವರ್ಗಮೂಲ, ಎಂದರೆ 1.41 ಪಟ್ಟು. ಇಮ್ಮಡಿ ವಿವರಕ್ಕೆ ನಾಲ್ಕು ಪಟ್ಟು ಪಿಕ್ಸೆಲ್ ಬೇಕು.

ದುಬಾರಿ ಕ್ಯಾಮೆರಾ ಎಲ್ಲ ಕೆಲಸಕ್ಕೂ ಮೇಲೆಂಬ ನಂಬಿಕೆಯನ್ನೂ ಪರೀಕ್ಷಿಸಿ. 300 ಮಿ.ಮೀ. ಮಸೂರದಿಂದ 15 ಮೀಟರ್ ದೂರದ 20 ಸೆಂ.ಮೀ. ಹಕ್ಕಿಯ ಬಿಂಬ ಸಂವೇದಕದ ಮೇಲೆ ಸುಮಾರು 4 ಮಿ.ಮೀ. ಮಾತ್ರ. ಆ 4 ಮಿ.ಮೀ. ಅಗಲದಲ್ಲಿ ಡಿ70ಗೆ ಸಿಗುವ ಪಿಕ್ಸೆಲ್ ಸುಮಾರು 500. ಪೂರ್ಣ ಅಳತೆಯ ಸಂವೇದಕವುಳ್ಳ, ಬಹುಪಾಲು ದುಬಾರಿಯಾದ 12.1 ಮೆಗಾಪಿಕ್ಸೆಲ್‌ನ ಡಿ3ಗೆ ಸಿಗುವುದು ಸುಮಾರು 470! ಅದೇ ವರ್ಷ ಬಂದ, ಚಿಕ್ಕ ಸಂವೇದಕದ ಡಿ300ಕ್ಕೆ ಸುಮಾರು 725. ಡಿ3ರ ಹೆಚ್ಚುಗಾರಿಕೆ ಮಂದ ಬೆಳಕಿನಲ್ಲಿ. ದೂರದ ಸಣ್ಣ ಹಕ್ಕಿಗೆ ಡಿ300 ಮೇಲು.

ಇನ್ನು ಐಎಸ್‌ಒ ಏರಿಸಿದಾಗ ಚಿತ್ರದಲ್ಲಿ ಕಾಣುವ ಕಾಳುಕಾಳಾದ ಗದ್ದಲ. ಇದರಲ್ಲಿ ಒಂದು ಪಾಲು ಬೆಳಕಿನ ಸ್ವಭಾವವೇ. ಒಂದು ಪಿಕ್ಸೆಲ್ ಸರಾಸರಿ 100 ಫೋಟಾನ್ ಹಿಡಿದರೆ ಏರುಪೇರು ಅದರ ವರ್ಗಮೂಲ 10, ಎಂದರೆ ಶೇಕಡಾ 10. 10,000 ಹಿಡಿದರೆ ಏರುಪೇರು 100, ಶೇಕಡಾ 1 ಮಾತ್ರ. ಈ ನಿಯಮವನ್ನು ಯಾವ ಕಾರ್ಖಾನೆಯೂ ತಿದ್ದಲಾರದು. ಇಂದಿನ ಉತ್ತಮ ಸಂವೇದಕಗಳು ತಮ್ಮ ಮೇಲೆ ಬಿದ್ದ ಹಸಿರು ಬೆಳಕಿನಲ್ಲಿ ಅರ್ಧದಷ್ಟನ್ನಾದರೂ ಹಿಡಿಯುತ್ತವೆ. ಇನ್ನು ಎಷ್ಟೇ ಸುಧಾರಿಸಿದರೂ ಇಮ್ಮಡಿಗಿಂತ ಹೆಚ್ಚು ಹಿಡಿಯುವುದು ಸಾಧ್ಯವಿಲ್ಲ. 1999ರಿಂದ 2010ರವರೆಗೆ ಕಂಡ ನಾಗಾಲೋಟ ಆಮೇಲೆ ನಿಧಾನವಾದುದಕ್ಕೆ ಇದೂ ಒಂದು ಕಾರಣ.

ಕನ್ನಡಿ ಹೋದ ಮೇಲೆ

ಮುಂದಿನ ಬದಲಾವಣೆ ಬೇರೆ ಕಡೆಯಿಂದ ಬಂತು. 2008ರಲ್ಲಿ ಪ್ಯಾನಸೋನಿಕ್ ಜಿ1 ಕನ್ನಡಿಯನ್ನೇ ಕೈಬಿಟ್ಟಿತು. 2018ರಲ್ಲಿ ನೈಕಾನ್, ಕ್ಯಾನನ್ ಸಂಸ್ಥೆಗಳೂ ಪೂರ್ಣ ಅಳತೆಯ ಕನ್ನಡಿರಹಿತ ಕ್ಯಾಮೆರಾಗಳತ್ತ ತಿರುಗಿದವು; 2020ರ ತರುವಾಯ ಈ ಎರಡು ಸಂಸ್ಥೆಗಳಿಂದ ಹೊಸ ಮಾದರಿಯ ಡಿಜಿಟಲ್ ಎಸ್‌ಎಲ್‌ಆರ್ ಬಂದಿಲ್ಲ. ಹೊಸ ಕ್ಯಾಮೆರಾಗಳಲ್ಲಿ ಹಲವು ಹಕ್ಕಿಯ ಕಣ್ಣನ್ನು ತಾವೇ ಗುರುತಿಸಿ ನಾಭೀಕರಿಸುತ್ತವೆ. ಸದ್ದಿಲ್ಲದೆ ಚಿತ್ರ ತೆಗೆಯುತ್ತವೆ. ಹಕ್ಕಿ ಬೆದರದಿರುವುದು ಸಣ್ಣ ಲಾಭವಲ್ಲ. ಆದರೆ ಹಳೆಯ ಮಸೂರ ಜೋಡಿಸಲು ಅಡಾಪ್ಟರ್ ಬೇಕು. ಸ್ವಂತ ಮೋಟಾರಿಲ್ಲದ ಹಳೆಯ ನೈಕಾನ್ ಮಸೂರಗಳನ್ನು ಆ ಸಂಸ್ಥೆಯ ಅಡಾಪ್ಟರಿನೊಂದಿಗೆ ಬಳಸಿದರೆ ಕೈಯಿಂದಲೇ ತಿರುಗಿಸಿ ನಾಭೀಕರಿಸಬೇಕು. ಆದ್ದರಿಂದ ಬೆಲೆ ಲೆಕ್ಕ ಹಾಕುವಾಗ ಮಸೂರಗಳನ್ನೂ ಸೇರಿಸಿ.

ನಿಮ್ಮ ತೀರ್ಮಾನಕ್ಕೆ ಒಂದು ಪ್ರಯೋಗ

ಫಿಲ್ಮಿನ ಕಾಲದಲ್ಲಿ ಶ್ರದ್ಧೆಯುಳ್ಳವರು ರಂಧ್ರ, ವೇಗಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಡಿಜಿಟಲ್ ಚಿತ್ರದಲ್ಲಿ ಈ ವಿವರಗಳು ತಾವಾಗಿಯೇ ದಾಖಲಾಗಿರುತ್ತವೆ. ನಿಮ್ಮ ಕೆಟ್ಟುಹೋದ 200 ಚಿತ್ರಗಳನ್ನು ತೆಗೆದುಕೊಂಡು ವಿದ್ಯಾರ್ಥಿಗಳೊಂದಿಗೆ ನಾಲ್ಕು ಗುಂಪು ಮಾಡಿ: ಕೈ ಅಲುಗಿದ್ದು, ಹಕ್ಕಿ ದೂರವಿದ್ದದ್ದು, ನಾಭಿ ತಪ್ಪಿದ್ದು, ಗದ್ದಲ ತುಂಬಿದ್ದು. ಮೊದಲ ಗುಂಪು ದೊಡ್ಡದಾದರೆ ಮೊದಲು ಬೇಕಾದದ್ದು ಮುಕ್ಕಾಲಿ. ಎರಡನೆಯದಾದರೆ ಮಸೂರ, ಇಲ್ಲವೇ ಕಾಯುವ ತಾಳ್ಮೆ. ಕೊನೆಯ ಎರಡು ಗುಂಪುಗಳೇ ಹೆಚ್ಚಿದ್ದರೆ ಹೊಸ ಕ್ಯಾಮೆರಾದ ಯೋಚನೆಗೆ ಆಧಾರವಿದೆ.

ಒಂದು ಎಚ್ಚರಿಕೆ. ಈ ಬೆಟ್ಟಗಳಲ್ಲಿ ಕ್ಯಾಮೆರಾ ಹಳತಾಗುವ ಮೊದಲೇ ಮಸೂರಕ್ಕೆ ಬೂಷ್ಟು ಹಿಡಿಯಬಹುದು. ಅದು ಗಾಜಿನ ಲೇಪವನ್ನು ತಿಂದುಹಾಕುತ್ತದೆ. ಕಾಫಿ ಬೀಜದ ತೇವ ನೋಡಿಕೊಳ್ಳುವಷ್ಟೇ ಕಾಳಜಿಯಿಂದ ಮಸೂರವನ್ನು ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿಡಿ. ನೀಲಿ ಕಾಳುಗಳು ನಸುಗೆಂಪಾದರೆ ಬಿಸಿಮಾಡಿ ಮತ್ತೆ ಬಳಸಿ. ಕೆಲವು ರೂಪಾಯಿಗಳ ಈ ಡಬ್ಬಿ ಇಲ್ಲದೆ ಕೊಂಡ ಹೊಸ ಕ್ಯಾಮೆರಾ ಎರಡು ಮಳೆಗಾಲ ಕಳೆಯುವುದರಲ್ಲಿ ನಿಮ್ಮನ್ನು ಮತ್ತೆ ಅಂಗಡಿಗೆ ಕಳಿಸೀತು.

ಐಎಸ್‌ಒ 64ರ ಫಿಲ್ಮಿನಲ್ಲಿ ತೆಗೆದ ಹಕ್ಕಿಗಳನ್ನು ನಾವು ಇಂದಿಗೂ ಗುರುತಿಸಬಲ್ಲೆವು. ಯಾವ ಹಕ್ಕಿ, ಎಲ್ಲಿ, ಯಾವ ದಿನ ಎಂದು ಬರೆದಿಟ್ಟ ಚಿತ್ರ ತೋಟದ ಮರಗಳು ಹೋದ ಮೇಲೂ ಸಾಕ್ಷಿಯಾಗಿ ಉಳಿಯುತ್ತದೆ. ನಿಮ್ಮ ಹಳೆಯ ಕ್ಯಾಮೆರಾಕ್ಕೆ ಈ ಕೆಲಸ ಆಗುತ್ತಿದ್ದರೆ ಈ ಮಳೆಗಾಲಕ್ಕೆ ಅದೇ ಸಾಕು. ಆಗುತ್ತಿಲ್ಲವೆಂದು ಆ 200 ಚಿತ್ರಗಳೇ ಹೇಳಿದರೆ ಹಿಂಜರಿಯದೆ ಬದಲಿಸಿ.