'ಫೋಕ್' ಎಂದರೆ ಹಳ್ಳಿಗರಷ್ಟೇ ಅಲ್ಲ

ಇಂಗ್ಲಿಷಿನ 'ಫೋಕ್' ಪದದ ಮೂಲಾರ್ಥ ಜನ, ಜನಸಮುದಾಯ. ಜರ್ಮನ್ ಭಾಷೆಯ 'ಫೋಲ್ಕ್' ಇದರ ಸೋದರ ಪದ.

ದಿನಬಳಕೆಯಲ್ಲಿ 'ಮೈ ಫೋಕ್ಸ್' ಎಂದರೆ ತಂದೆತಾಯಿ ಅಥವಾ ಮನೆಯವರು. 'ಓಲ್ಡ್ ಫೋಕ್ಸ್' ಎಂದರೆ ವಯೋವೃದ್ಧರು. ಅಮೆರಿಕದಲ್ಲಿ ಸಭಿಕರನ್ನು ಆತ್ಮೀಯವಾಗಿ 'ಫೋಕ್ಸ್' ಎಂದು ಸಂಬೋಧಿಸುವುದೂ ಉಂಟು. ಹಾಡು, ಕುಣಿತ, ಕಥೆಗಳ ಹಿಂದೆ ಸೇರಿದಾಗ ಜನರ ನಡುವೆ ಪರಂಪರೆಯಿಂದ ಉಳಿದುಬಂದದ್ದು ಎಂಬ ಅರ್ಥ ನೀಡುತ್ತದೆ.

'ಫೋಕ್‌ಲೋರ್' ಪದವನ್ನು 1846ರಲ್ಲಿ ಟಂಕಿಸಿದವರು ಇಂಗ್ಲೆಂಡಿನ ವಿಲಿಯಂ ಥಾಮ್ಸ್. ಕನ್ನಡ ವಿದ್ವಾಂಸರು 'ಫೋಕ್'ಗೆ 'ಜನಪದ', 'ಫೋಕ್‌ಲೋರ್'ಗೆ 'ಜಾನಪದ' ಎಂದು ಬಳಸುತ್ತಾರೆ. ರೂಢಿಯಲ್ಲಿ ಇವೆರಡೂ ಬೆರೆತುಹೋಗುತ್ತವೆ.

ಜನಪದರೆಂದರೆ ಗ್ರಾಮೀಣ ಅನಕ್ಷರಸ್ಥರು ಎಂಬ ಭಾವನೆ ಇಂದಿಗೂ ಇದೆ. ಆದರೆ ಸಮಾನ ಅಂಶವೊಂದನ್ನು ಹಂಚಿಕೊಂಡ ಯಾವುದೇ ಗುಂಪೂ 'ಫೋಕ್' ಎಂದವರು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್. ಈ ಅರ್ಥದಲ್ಲಿ ನಗರದ ಆಟೋ ಚಾಲಕರೂ, ಹಾಸ್ಟೆಲ್ ವಿದ್ಯಾರ್ಥಿಗಳೂ ಜನಪದರೇ.